ಅಂಕ ಕೊಡದ ಶಾಲೆಗೆ ಮಗನನ್ನು ಸೇರಿಸಬಹುದೇ? ಅನುಭವ ಇರುವವರು ತಿಳಿಸಿ

ಪ್ರಶ್ನೆ (ಕಲಬುರಗಿಯ ಒಬ್ಬ ತಾಯಿ)

ಮಗನಿಗೆ ಆರು ತುಂಬಿದೆ. ಈಗಿನ ಶಾಲೆಯಲ್ಲಿ ಯುಕೆಜಿಯಿಂದಲೇ ಉಕ್ತಲೇಖನ, ವಾರಕ್ಕೊಂದು ಪರೀಕ್ಷೆ. ಸೋಮವಾರ ಬಂತೆಂದರೆ ಹೊಟ್ಟೆನೋವು ಎನ್ನುತ್ತಾನೆ. ವೈದ್ಯರು ನೋಡಿ ಏನೂ ಇಲ್ಲ ಎಂದರು. ಊರ ಹೊರಗೆ ಒಂದು ಶಾಲೆಯಿದೆ. ಐದನೆಯ ತರಗತಿಯವರೆಗೆ ಅಂಕ ಕೊಡುವುದಿಲ್ಲ. ತೋಟ, ಮಣ್ಣಿನ ಕೆಲಸ, ಹಾಡು ಎಲ್ಲವೂ ಪಾಠದೊಳಗೇ ಸೇರಿವೆ. "ಆಡಿಸುವುದಕ್ಕೂ ದುಡ್ಡು ಕೊಡಬೇಕೇ?" ಎನ್ನುತ್ತಾರೆ ಅತ್ತೆ. ಮುಂದೆ ಎಸ್ಸೆಸ್ಸೆಲ್ಸಿ, ಸಿಇಟಿಗೆ ತೊಡಕಾದೀತೇ? ಇಂಥ ಕಡೆ ಮಕ್ಕಳನ್ನು ಓದಿಸಿದವರು ಹೇಳಿ.

ಬೀದರ್‌ನ ಒಬ್ಬ ತಂದೆ

ಅಕ್ಕನವರೇ, ನನ್ನ ಮಗಳು ಏಳನೆಯ ತರಗತಿಯವರೆಗೆ ಇಂಥದೇ ಶಾಲೆಯಲ್ಲಿ ಓದಿ, ಎಂಟಕ್ಕೆ ಸಾಮಾನ್ಯ ಪ್ರೌಢಶಾಲೆ ಸೇರಿದಳು. ತೊಡಕನ್ನೇ ಮೊದಲು ಹೇಳಿಬಿಡುತ್ತೇನೆ. ಮೊದಲ ಕಿರುಪರೀಕ್ಷೆಯಲ್ಲಿ ಅರ್ಧ ಉತ್ತರಪತ್ರಿಕೆ ಖಾಲಿ. ಇಷ್ಟವಾದ ಒಂದೇ ಪ್ರಶ್ನೆಗೆ ಎರಡು ಪುಟ ಬರೆದು ಕುಳಿತಿದ್ದಳು! ಗಡಿಯಾರ ನೋಡಿಕೊಂಡು ಬರೆಯುವುದು ರೂಢಿಯಾಗುವಷ್ಟರಲ್ಲಿ ದಸರೆ ಬಂತು. ಆಮೇಲೆ ಅಂಕಗಳ ಚಿಂತೆ ಇರಲಿಲ್ಲ.

ಬಂದ ಲಾಭವನ್ನು ಹೇಗೆ ಹೇಳಲಿ? ಶಾಲೆಯವರು ಒಮ್ಮೆ ಮಕ್ಕಳನ್ನು ಬಿದರಿ ಕೆಲಸ ನಡೆಯುವಲ್ಲಿಗೆ ಕರೆದೊಯ್ದಿದ್ದರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಹೊಯ್ದ ಹೂಜಿ. ಅದರ ಮೇಲೆ ಉಳಿಯಿಂದ ಕೊರೆದ ಗೀರಿನಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣು, ನವಸಾಗರ ಕಲಸಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. "ಬೆಳ್ಳಿ ಏಕೆ ಕಪ್ಪಾಗಲಿಲ್ಲ? ನಮ್ಮ ಅಂಗಳದ ಮಣ್ಣು ಹಾಕಿದರೂ ಹೀಗೇ ಆಗುತ್ತದೆಯೇ?" ಎಂದು ಮಗಳು ಆ ಕುಶಲಕರ್ಮಿಯ ಬೆನ್ನು ಬಿಡಲಿಲ್ಲವಂತೆ. ಮುಂದಿನ ವಾರಗಳಲ್ಲಿ ಬಳ್ಳಿಯ ವಿನ್ಯಾಸವೇ ಗಣಿತವಾಯಿತು, ನೋಡಿದ್ದನ್ನು ಬರೆಯುವುದೇ ಕನ್ನಡ ಪಾಠವಾಯಿತು, ಬಹಮನಿ ಸುಲ್ತಾನರು ಇತಿಹಾಸಕ್ಕೆ ಬಂದರು. ಈಗಲೂ ಅವಳು ಗೊತ್ತಿಲ್ಲದ್ದನ್ನು ಕೇಳಲು ನಾಚುವುದಿಲ್ಲ. ನಾನು ಶುಲ್ಕ ಕಟ್ಟಿದ್ದು ಅದಕ್ಕೆ.

ಹೀಗೆ ಒಂದೇ ವಿಷಯವನ್ನು ವಾರಗಟ್ಟಲೆ ಹಿಡಿಯುವುದು ವಾಲ್ಡಾರ್ಫ್ ಪದ್ಧತಿಯಲ್ಲೂ ಉಂಟು. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ರುಡಾಲ್ಫ್ ಸ್ಟೈನರ್ ಅದನ್ನು ಆರಂಭಿಸಿದ್ದು ಸಿಗರೇಟು ಕಾರ್ಖಾನೆಯ ಕಾರ್ಮಿಕರ ಮಕ್ಕಳಿಗಾಗಿ. ಅಲ್ಲಿ ಓದು ಬರಹ ಶುರುವಾಗುವುದು ಏಳನೆಯ ವಯಸ್ಸಿನ ಸುಮಾರಿಗೆ. ನಿಮ್ಮ ಶಾಲೆಯೂ ಹಾಗಿದ್ದರೆ, ಪಕ್ಕದ ಮನೆಯ ಹುಡುಗ ಪತ್ರಿಕೆ ಓದುವಾಗ ನಿಮ್ಮವನು ಇನ್ನೂ ಚಿತ್ರ ಬರೆಯುತ್ತಿರುತ್ತಾನೆ. ಅತ್ತೆಯವರ ಮಾತು ಆಗ ಇನ್ನೂ ಜೋರಾದೀತು, ಗಟ್ಟಿ ಮನಸ್ಸು ಬೇಕು.

ಕಲಬುರಗಿ, ಖಾಸಗಿ ಉದ್ಯೋಗಿ

ಫಲಕ ನೋಡಿ ಮರುಳಾಗಬೇಡಿ. ನಾವು ಸೇರಿಸಿದ ಕಡೆ ಗೋಡೆಯ ಮೇಲೆ ಮಾಂಟೆಸ್ಸರಿ ಎಂದು ದೊಡ್ಡದಾಗಿ ಬರೆದಿತ್ತು. ಮಕ್ಕಳು ಸಾಮಗ್ರಿಗಳನ್ನು ತಾವೇ ಕೈಯಲ್ಲಿ ಹಿಡಿದು ಕಲಿಯುವ ಪದ್ಧತಿ ಅದು. ಆಟಿಕೆ, ಮಣಿಸರಗಳೆಲ್ಲ ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ! ಮಕ್ಕಳ ಕೈಗೆ ಸಿಗುತ್ತಿದ್ದುದು ಪೋಷಕರ ಸಭೆಯ ದಿನ ಮಾತ್ರ.

ಯಾದಗಿರಿ ಜಿಲ್ಲೆಯ ಸರ್ಕಾರಿ ಶಾಲಾ ಶಿಕ್ಷಕಿ

ತಂಗೀ, ಮಗುವಿನ ಹೊಟ್ಟೆನೋವು ನಿಜವಾದದ್ದೇ. ಹೆದರಿಕೆ ಎಷ್ಟೋ ಮಕ್ಕಳಿಗೆ ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ.

ಪರ್ಯಾಯ ಶಾಲೆ ಎಂದರೆ ದುಬಾರಿಯೇ ಎಂದುಕೊಳ್ಳಬೇಡ. ಸರ್ಕಾರಿ ಶಾಲೆಗಳಲ್ಲಿ ಆಟ, ಚಟುವಟಿಕೆಗಳ ಮೂಲಕ ಕಲಿಸುವ ನಮ್ಮ ನಲಿಕಲಿ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿತು. ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಮಾದರಿಯನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರೇ ಅದನ್ನು ಕಟ್ಟಿದರು. ನನ್ನ ತರಗತಿಯಲ್ಲಿ ಒಂದು, ಎರಡು, ಮೂರನೆಯ ತರಗತಿಯವರು ಒಟ್ಟಿಗೆ ನೆಲದ ಮೇಲೆ ಗುಂಪಾಗಿ ಕೂರುತ್ತಾರೆ, ನಾನೂ ಅವರ ನಡುವೆ. ತಾಂಡಾದ ಮಕ್ಕಳು ಅಪ್ಪ ಅವ್ವನ ಜೊತೆ ಗುಳೆ ಹೋಗಿ ತಿಂಗಳುಗಟ್ಟಲೆ ಕಾಣುವುದಿಲ್ಲ. ಮರಳಿ ಬಂದ ಮಗು ಗೋಡೆಯ ಕಲಿಕಾ ಏಣಿಯಲ್ಲಿ, ಅಂದರೆ ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿಯಲ್ಲಿ, ತಾನು ಬಿಟ್ಟುಹೋದ ಮೆಟ್ಟಿಲನ್ನು ಹುಡುಕಿ ಅಲ್ಲಿಯ ಕಾರ್ಡನ್ನೇ ಎತ್ತಿಕೊಳ್ಳುತ್ತದೆ. ಉಳಿದವರು ಮುಂದೆ ಹೋದರು, ತಾನು ದಡ್ಡ ಎನ್ನುವ ಮಾತೇ ಬರುವುದಿಲ್ಲ. ಆದರೆ ಮಕ್ಕಳು ಹೆಚ್ಚಿದ್ದು ಶಿಕ್ಷಕರು ಒಬ್ಬರೇ ಇದ್ದು, ದಾಖಲೆ ಬರೆಯುವುದರಲ್ಲೇ ಹೊತ್ತು ಹೋದರೆ ಕಾರ್ಡುಗಳು ಡಬ್ಬಿಯಲ್ಲೇ ಉಳಿಯುತ್ತವೆ. ಅಂಥ ಶಾಲೆಗಳೂ ಇವೆ.

ಕಲಬುರಗಿ, ಯಾದಗಿರಿಯಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಶಾಲೆಗಳಿವೆ. ಸೇರಿಸದಿದ್ದರೂ, ಸಾಧ್ಯವಾದರೆ ಒಮ್ಮೆ ನೋಡಿ ಬಾ, ಹೋಲಿಸಲು ಅನುಕೂಲ.

ಆ ಊರ ಹೊರಗಿನ ಶಾಲೆಗೆ ಹೋದರೆ ಮುಖ್ಯಸ್ಥರ ಕೋಣೆಯಲ್ಲೇ ಕೂರಬೇಡ, ತರಗತಿಯ ಬಾಗಿಲಲ್ಲಿ ನಿಲ್ಲು. ತಪ್ಪು ಉತ್ತರ ಕೊಟ್ಟ ಮಗುವಿಗೆ ಶಿಕ್ಷಕರು ಏನೆನ್ನುತ್ತಾರೆ? ಗೋಡೆಯ ಚಿತ್ರಗಳೆಲ್ಲ ಒಂದೇ ಅಚ್ಚಿನಂತಿದ್ದರೆ ಅವನ್ನು ಬರೆಸಿದವರು ದೊಡ್ಡವರು. ಮನೆಯಲ್ಲಿ ಲಂಬಾಣಿಯನ್ನೋ ದಖನಿ ಉರ್ದುವನ್ನೋ ಆಡುವ ಮಗುವಿನ ಬಾಯಿ ಮುಚ್ಚಿಸುತ್ತಾರೆಯೇ, ಅದನ್ನೂ ಗಮನಿಸು.

ಕಲಬುರಗಿ, ವಕೀಲರು ಹಾಗೂ ಪೋಷಕರು

ಸಿಇಟಿ ಬಗ್ಗೆ ಯಾರೂ ಹೇಳಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಖಾಸಗಿ ಶಾಲೆಗೆ ಮಾನ್ಯತೆ ಇರಲೇಬೇಕು. ಮಾನ್ಯತೆಯ ಪ್ರತಿಯನ್ನು ಕೇಳಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ತಾಳೆ ನೋಡಿ. ರಾಷ್ಟ್ರೀಯ ಮುಕ್ತ ಶಾಲೆಯ (ಎನ್‌ಐಒಎಸ್) ಮೂಲಕ ಹತ್ತನೆಯ ತರಗತಿ ಬರೆಸುತ್ತೇವೆ ಎಂದರೆ ಅದೂ ಕ್ರಮಬದ್ಧವೇ. 14 ವರ್ಷ ತುಂಬಿರಬೇಕು.

ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟು, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15ರಷ್ಟು ಮೀಸಲಾತಿ ಇದೆ. ಮಾಧ್ಯಮ ಯಾವುದು, ಶಾಲೆ ಪಾಲಿಕೆಯ ಗಡಿಯೊಳಗಿದೆಯೋ ಹೊರಗಿದೆಯೋ ಎಂದು ಈಗಲೇ ತಿಳಿದುಕೊಳ್ಳಿ. ನಡುವೆ ಶಾಲೆ ಬದಲಿಸಿದರೆ ಈ ಲೆಕ್ಕವೂ ಬದಲಾಗುತ್ತದೆ. ಅಂಕ ಕೊಡದಿದ್ದರೂ ವ್ಯಾಸಂಗ ಪ್ರಮಾಣಪತ್ರ ಕೊಡಲೇಬೇಕು. ಶಾಲೆ ಬಿಡುವಾಗ ಮೊದಲು ಅದನ್ನು ಪಡೆದುಕೊಳ್ಳಿ. ವರ್ಷಗಳಾದ ಮೇಲೆ ಹಳೆಯ ದಾಖಲೆಗಾಗಿ ಅಲೆಯುವ ಪೋಷಕರು ನನ್ನ ಕಚೇರಿಗೆ ಆಗಾಗ ಬರುತ್ತಲೇ ಇರುತ್ತಾರೆ.