ಪದ ಬೇಕು, ಇವತ್ತೇ: ಬೇಟೆ ರೈಫಲ್‌ನ ‘ಹೆಡ್‌ಸ್ಪೇಸ್’ಗೆ ಕನ್ನಡದಲ್ಲಿ ಏನನ್ನೋಣ?

ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಸಂಜೆಯೊಳಗೆ ಒಂದು ಪದ ಬೇಕು. ವಿಷಯ ಹೇಳಿಬಿಡುತ್ತೇನೆ.

ನನ್ನ ತಮ್ಮ ತನ್ನ ಬೇಟೆ ರೈಫಲ್‌ಗೆ ಹೊಸ ನಳಿಗೆ ಹಾಕಿಸಿದ. ಥರ್ಟಿ ಓ ಸಿಕ್ಸ್ ತೋಟಾದ ಬೋಲ್ಟ್ ರೈಫಲ್, ಅಂದರೆ ನಳಿಗೆಯ ಹಿಂಬದಿಯನ್ನು ಕೈಯಿಂದ ಸರಿಸುವ ಬೋಲ್ಟ್ ಮುಚ್ಚುತ್ತದೆ. ಕೆಲಸ ಮುಗಿಸಿ ಕೊಟ್ಟಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗುರಿ ನೋಡೋಣ ಎಂದು ಮೂರು ಗುಂಡು ಹಾರಿಸಿದ. ಖಾಲಿ ತೋಟಾ ಕೈಗೆತ್ತಿಕೊಂಡರೆ ಬುಡದಿಂದ ಸ್ವಲ್ಪ ಮೇಲೆ, ಸುತ್ತಲೂ, ಕೂದಲೆಳೆಯಷ್ಟು ಬಿಳಿ ಗೆರೆ. ಮೂರಕ್ಕೂ ಅದೇ ಜಾಗದಲ್ಲಿ. ಗೊತ್ತಿರುವವರೊಬ್ಬರು ಅಳತೆ ನೋಡುವ ಗೇಜ್ ತಂದು ನೋಡಿದರು. ನೋ ಗೋ ಗೇಜ್ ಮೇಲೂ ಬೋಲ್ಟ್ ಮುಚ್ಚಿತು. ಹೆಡ್‌ಸ್ಪೇಸ್, ಅಂದರೆ ಒಳಗೆ ತೋಟಾ ಕೂರುವ ಜಾಗದ ಉದ್ದದ ಅಳತೆ, ತಪ್ಪಿದೆ, ಇನ್ನು ಒಂದು ಗುಂಡೂ ಹಾರಿಸಬೇಡ ಎಂದರು.

ನಾಳೆ ಬೆಳಿಗ್ಗೆ ರೈಫಲ್ ಬೇರೊಬ್ಬ ಕೆಲಸಗಾರರ ಕೈ ಸೇರುತ್ತದೆ. ಅವರಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ. ತಮ್ಮ ಇಂಗ್ಲಿಷಿನಲ್ಲಿ ಗೀಚಿದ್ದನ್ನು ನಾನು ಕನ್ನಡ ಮಾಡಬೇಕು. ಒಂದು, ರೈಫಲ್‌ಗೆ ಕಟ್ಟುವ ಚೀಟಿ. ಇನ್ನೊಂದು, ಮೊದಲು ಕೆಲಸ ಮಾಡಿದವರಿಗೆ ಕಾಗದ. ಹೆಡ್‌ಸ್ಪೇಸ್‌ಗೆ ಏನು ಬರೆಯಲಿ? ‘ತಲೆಜಾಗ’ ಎಂದು ಬರೆದು ನಾನೇ ನಕ್ಕು ಅಳಿಸಿದೆ. ‘ಗನ್‌ಸ್ಮಿತ್’, ‘ಡು ನಾಟ್ ಫೈರ್’, ಇವಕ್ಕೂ ಸಹಾಯ ಮಾಡಿ. ಕೆಲಸ ಕೆಟ್ಟಿದೆ ಅನ್ನಲು ‘ಕಳಪೆ ಕಾಮಗಾರಿ’ ಎಂದರೆ ಸರಿಹೋಗುತ್ತದಾ?

ನುಡಿಕಾವಲು:

‘ತಲೆಜಾಗ’ ಅರಿಸಮಾಸ. ಬಿಡಿ.

ಅದಕ್ಕೂ ಮೊದಲು, ರೈಫಲ್ ಏಕೆ? ಕೋವಿ ಇಲ್ಲವೇ? ಕೋವಿ ಎಂದರೆ ಮೊದಲು ಕೊಳವೆ, ಆಮೇಲೆ ಈ ಆಯುಧ. ಒಳಗೆ ತಿರುಗಿಕೊಂಡು ಹೋಗುವ ಗೆರೆ ಕೊರೆದ ಕೋವಿಗೆ ‘ತಿರುಗೆರೆಗೋವಿ’ ಎನ್ನಬಹುದು. ಗನ್‌ಸ್ಮಿತ್‌ಗೆ ‘ಕೋವಿ ಕಮ್ಮಾರ’, ಅಚ್ಚಗನ್ನಡ. ಹೆಡ್‌ಸ್ಪೇಸ್‌ಗೆ ‘ತಲೆದೆರಪು’. ತಲೆತೆರಪು ಅಲ್ಲ, ಆದೇಶ ಸಂಧಿ ಮರೆಯಬೇಡಿ.

ಹಳೆ ಓದುಗ:

ಅರಿಸಮಾಸ ಅನ್ನುವುದು ಸಂಸ್ಕೃತದ ಜೊತೆ ಕೂಡಿದರೆ. ಜಾಗ ಪಾರಸಿ. ಬೈಯುವುದಕ್ಕಾದರೂ ಸರಿಯಾದ ಹೆಸರು ಇಟ್ಟುಕೊಳ್ಳಿ.

ಕಮ್ಮಾರ ಅಚ್ಚಗನ್ನಡ ಅಂದಿರಲ್ಲ, ಸಂಸ್ಕೃತದಲ್ಲಿ ಕರ್ಮಾರ ಇದೆ, ಪಾಲಿಯಲ್ಲಿ ಕಮ್ಮಾರ ಹಾಗೇ ಕೂತಿದೆ. ಕೋವಿಯ ವಿಷಯ ಒಪ್ಪಿದೆ. ಆದರೆ ಕೊಳವೆಯಿಂದ ಹುಟ್ಟಿದ್ದು ಅದೊಂದೇ ಅಲ್ಲ. ತುಪಾಕಿ ತುರ್ಕಿಯ ತುಫೆಕ್, ಅದೂ ಮೊದಲು ಊದುಗೊಳವೆಯೇ. ಬಂದೂಕು ಇನ್ನೂ ತಮಾಷೆ. ಅರಬ್ಬಿಯಲ್ಲಿ ಬುಂದುಕ್ ಎಂದರೆ ಒಂದು ಬಗೆಯ ಕಾಯಿ. ಕಾಯಿಯಿಂದ ಗುಂಡಾಗಿ, ಗುಂಡಿನಿಂದ ಆಯುಧವಾಯಿತು. ರೈಫಲ್ ಬಂದದ್ದು ಗೀರುವುದು, ಕೆರೆಯುವುದು ಎಂಬ ಅರ್ಥದ ಫ್ರೆಂಚ್ ಮಾತಿನಿಂದ, ನಳಿಗೆಯೊಳಗಿನ ಗೀರು. ಯಾವ ಭಾಷೆಯೂ ಕಷ್ಟಪಟ್ಟು ಪದ ಕಟ್ಟಿಲ್ಲ. ಕಣ್ಣಿಗೆ ಬಿದ್ದ ಕಾಯಿ, ಕೊಳವೆ, ಗೀರನ್ನೇ ಕರೆದಿವೆ. ತಿರುಗೆರೆಗೋವಿ ಅಂತ ಕರೆದರೆ ಯಾರೂ ತಿರುಗಿ ನೋಡುವುದಿಲ್ಲ.

ನುಡಿಕಾವಲು:

ಕರ್ಮಾರವೇ ನಮ್ಮ ಕಡೆಯಿಂದ ಹೋದದ್ದು. ಕರು, ಕರ್, ಕಪ್ಪು ಕಬ್ಬಿಣ. ಯೋಚಿಸಿ.

ಹಳೆ ಓದುಗ:

ಯೋಚಿಸಿದೆ. ಆಧಾರ?

ಅನುವಾದಕಿ:

ಚೀಟಿ ಇನ್ನೂ ಖಾಲಿ ಇದೆ. ಸುಮ್ನೆ ನೆನಪಿಸಿದೆ.

ಲೇತ್‌ನವ:

ನಾನು ಇಲ್ಲಿ ಬರೆಯುವುದು ಕಡಿಮೆ. ಕಬ್ಬಿಣ ಕಡೆಯುವ ಕೆಲಸ ನನ್ನದು. ರೈಫಲ್ ಕೆಲಸವನ್ನೂ ಪಕ್ಕದಲ್ಲಿ ನಿಂತು ನೋಡಿದ್ದೇನೆ.

‘ತಲೆದೆರಪು’ ಬರೆಯಲೇಬೇಡಿ. ಸಂಧಿ ಸರಿ ಇರಬಹುದು, ತಲೆ ತಪ್ಪಿದೆ. ಇಂಗ್ಲಿಷಿನಲ್ಲಿ ತೋಟಾದ ಹೆಡ್ ಅನ್ನುವುದು ಹಿಂದಿನ ತುದಿಗೆ, ಕೇಪು ಕೂರುವ ಕಡೆಗೆ. ನಾವು ಅದಕ್ಕೆ ಬುಡ ಅನ್ನುತ್ತೇವೆ. ಈ ತಂಗಿಯೂ ಮೇಲೆ ‘ಬುಡದಿಂದ ಸ್ವಲ್ಪ ಮೇಲೆ’ ಅಂತಲೇ ಬರೆದಿದ್ದಾರೆ ನೋಡಿ, ಯಾರೂ ಹೇಳಿಕೊಟ್ಟಿಲ್ಲ. ಅವರ ತಲೆ ನಮಗೆ ಬುಡ. ಚೀಟಿಯಲ್ಲಿ ತಲೆ ಅಂತ ಕಂಡರೆ ಕೆಲಸದವರು ಗುಂಡಿನ ಮೂತಿ ಕಡೆ ನೋಡುತ್ತಾರೆ. ತಪ್ಪಿರುವುದು ಹಿಂದೆ.

ತೋಟಾ ಹೋಗಿ ಕೂರುವ ಗೂಡಿಗೆ ಚೇಂಬರ್ ಅನ್ನುತ್ತಾರೆ. ನಾನು ಮನೆ ಅನ್ನುತ್ತೇನೆ. ಬಡಗಿ ಕಿಟಕಿ ಚೌಕಟ್ಟಿಗೆ ಮನೆ ಕೊರೆಯುವುದಿಲ್ಲವಾ, ಹಾಗೆ. ಈ ಬಗೆಯ ತೋಟಾಕ್ಕೆ ಮುಂದಿನ ಕಡೆ, ಮೈ ಕಿರಿದಾಗುವಲ್ಲಿ, ಹೆಗಲು ಇರುತ್ತದೆ. ಅದು ಮನೆಯ ಹೆಗಲಿಗೆ ತಾಗಿ ನಿಲ್ಲಬೇಕು, ಅಷ್ಟು ಹೊತ್ತಿಗೆ ಬೋಲ್ಟ್ ಬಂದು ಬುಡಕ್ಕೆ ಒರಗಬೇಕು. ಬುಡದಲ್ಲಿ ಅಂಚು ಇರುವ ತೋಟಾ ಆದರೆ ಆ ಅಂಚೇ ತಡೆದು ನಿಲ್ಲಿಸುತ್ತದೆ, ಅದು ಬೇರೆ ಲೆಕ್ಕ. ಇಲ್ಲಿ ಮನೆ ಕೊರೆಯುವ ರೀಮರ್ ಒಳಗೆ ಜಾಸ್ತಿ ಹೋಗಿದೆ. ಮನೆ ಆಳವಾಗಿದೆ. ಬೋಲ್ಟ್ ಹಾಕಿದರೂ ಬುಡದ ಹಿಂದೆ ತೆರಪು ಉಳಿಯುತ್ತದೆ.

ಎಷ್ಟು ತೆರಪು ಅಂತ ಕೇಳಬೇಡಿ. ಒಂದೆರಡು ಹಾಳೆ ಕಾಗದದ ದಪ್ಪದ ಆಟ ಇದು. ಆದರೆ ಆ ತೋಟಾದಲ್ಲಿ ಒತ್ತಡ ಚದರ ಇಂಚಿಗೆ 60,000 ಪೌಂಡ್‌ವರೆಗೆ ಹೋಗುತ್ತದೆ. ಮದ್ದು ಉರಿದ ತಕ್ಷಣ ಹಿತ್ತಾಳೆಯ ತೆಳು ಗೋಡೆ ಉಬ್ಬಿ ಮನೆಯ ಗೋಡೆಗೆ ಕಚ್ಚಿಕೊಳ್ಳುತ್ತದೆ. ಬುಡ ದಪ್ಪ, ಅದು ಕಚ್ಚುವುದಿಲ್ಲ, ಹಿಂದಕ್ಕೆ ಬೋಲ್ಟಿನವರೆಗೆ ಜಾರುತ್ತದೆ. ಮಧ್ಯದ ಹಿತ್ತಾಳೆ ಜಗ್ಗಿ ತೆಳ್ಳಗಾಗುತ್ತದೆ. ಅವರ ತಮ್ಮ ಕಂಡ ಬಿಳಿ ಗೆರೆ ಅದೇ. ಇನ್ನೊಂದು ಸಲ ಅಲ್ಲೇ ಹರಿದರೆ ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಕಣ್ಣು.

ಅನುಮಾನ ಇದ್ದರೆ ಒಂದು ಹೇರ್‌ಪಿನ್ ನೆಟ್ಟಗೆ ಮಾಡಿ, ತುದಿಯನ್ನು ಉಗುರಿನಷ್ಟು ಬಗ್ಗಿಸಿ. ಖಾಲಿ ತೋಟಾದ ಬಾಯಿಂದ ಬುಡದವರೆಗೆ ಬಿಟ್ಟು, ಗೋಡೆಗೆ ಒತ್ತಿ ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಗೆರೆ ಇರುವ ಕಡೆ ತಟಕ್ಕಂತ ಸಿಕ್ಕಿಕೊಂಡರೆ ಒಳಗೂ ಕಣಿವೆ ಬಿದ್ದಿದೆ ಅಂತ ಅರ್ಥ.

ಹಾಗಾಗಿ ‘ಸಡಿಲ’ ಅಂತಲೂ ಬರೆಯಬೇಡಿ. ಸಡಿಲ ಅಂದರೆ ಯಾರಾದರೂ ಸ್ಕ್ರೂ ಬಿಗಿ ಮಾಡಿ ವಾಪಸ್ ಕೊಡುತ್ತಾರೆ. ‘ಸಂದು’ ಅಂದರೆ ಬಿರುಕು ಹುಡುಕುತ್ತಾರೆ. ‘ತೋಟಾ ಮನೆ ಆಳ ಜಾಸ್ತಿ ಆಗಿದೆ’ ಅಂತ ಬರೆಯಿರಿ. ಪಕ್ಕದಲ್ಲಿ ಹೆಡ್‌ಸ್ಪೇಸ್ ಅಂತ ಕನ್ನಡದಲ್ಲೇ ಬರೆಯಿರಿ. ಈ ಕೆಲಸ ಮಾಡುವವರು ಆ ಪದ ಕೇಳಿಯೇ ಇರುತ್ತಾರೆ. ಕೇಳದಿದ್ದವರ ಕೈಗೆ ರೈಫಲ್ ಕೊಡಲೇಬೇಡಿ.

ಹಳೆ ಓದುಗ:

ಇದು ಉತ್ತರ. ಅಂದಹಾಗೆ ಥರ್ಟಿ ಓ ಸಿಕ್ಸ್‌ನಲ್ಲಿ ಓ ಸಿಕ್ಸ್ ಅಳತೆ ಅಲ್ಲ, 1906ನೇ ಇಸವಿ. ಅನುವಾದದಲ್ಲಿ ಅದನ್ನು ಅಳತೆ ಮಾಡಿಬಿಡಬೇಡಿ.

ನುಡಿಕಾವಲು:

ತಲೆ ಹೋಗಿ ಬುಡ ಆಗಲಿ, ಒಪ್ಪಿದೆ. ‘ಬುಡದೆರಪು’. ಆದರೆ ಪಕ್ಕದಲ್ಲಿ ಹೆಡ್‌ಸ್ಪೇಸ್ ಬರೆಯುವುದು ಸೋಲು. ಇವತ್ತು ಪಕ್ಕದಲ್ಲಿ, ನಾಳೆ ಅದೇ ಉಳಿಯುತ್ತದೆ, ನಮ್ಮದು ಅಳಿಯುತ್ತದೆ. ಹೀಗೇ ಎಷ್ಟು ಕಳೆದುಕೊಂಡಿಲ್ಲ? ‘ಡು ನಾಟ್ ಫೈರ್’ಗೆ ‘ಈಡು ಹೊಡೆಯಬೇಡಿ’ ಎನ್ನಿ. ಇಡು ಈಡು, ಕೆಡು ಕೇಡು, ಪಡು ಪಾಡು. ಬಿಡಿಸಿ ಹೇಳಬೇಕಿಲ್ಲ. ಹಾರಿಸುವುದು ಗಾಳಿಪಟ.

ಹಳೆ ಓದುಗ:

ಈಡು ಒಳ್ಳೆಯ ಮಾತು, ಬೇಟೆಯವರ ಬಾಯಲ್ಲಿದೆ. ಆದರೆ ಈಡು ಎಂದರೆ ಅಡವೂ ಹೌದು. ಟೀಕೆಗೆ ಈಡಾಗುವುದೂ ಹೌದು. ಒಬ್ಬರ ಪ್ರಾಣ ತೂಗುವ ಚೀಟಿಯಲ್ಲಿ ಮೂರು ಅರ್ಥದ ಪದ ಬೇಡ. ‘ಸುಡಬೇಡಿ’ಯೂ ಬೇಡ, ಬೆಂಕಿಗೆ ಹಾಕಬೇಡಿ ಎಂದಂತಾಗುತ್ತದೆ. ‘ಗುಂಡು ಹಾಕಬೇಡಿ’ ಅಂದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ, ಅದನ್ನು ಬೇರೆ ಕಡೆ ನೇತು ಹಾಕಬಹುದು. ‘ಗುಂಡು ಹಾರಿಸಬೇಡಿ’ ದಿನಾ ಪತ್ರಿಕೆಯಲ್ಲಿ ಓದುವ ಮಾತು. ಸಾಕು.

ಇನ್ನು ಸೋಲಿನ ವಿಷಯ. ಅರ್ಜಿ, ಜಮೀನು ಪಾರಸಿಯ ಕಡೆಯಿಂದ ಬಂದವು. ಚಾವಿ, ಅಲಮಾರು ಪೋರ್ಚುಗೀಸರವು. ನಾವು ಸೋತೆವಾ? ಬೀಗ ತೆಗೆಯುತ್ತಲೇ ಇದ್ದೇವೆ.

ನುಡಿಕಾವಲು:

ಬೀಗದ ಕೈ ಎಂಬ ಮಾತಿತ್ತು. ಈಗ ಯಾರು ಆಡುತ್ತಾರೆ? ನಾನು ಹೇಳಿದ್ದು ಅದನ್ನೇ.

ಹಳೆ ಓದುಗ:

ನಾನು ಆಡುತ್ತೇನೆ. ಎರಡನ್ನೂ.

ಅನುವಾದಕಿ:

ಲೇತ್‌ನವರಿಗೆ ದೊಡ್ಡ ನಮಸ್ಕಾರ. ತಮ್ಮ ಹೇರ್‌ಪಿನ್ ಬಗ್ಗಿಸಿ ನೋಡಿದ. ಮೂರೂ ತೋಟಾದಲ್ಲಿ ಸಿಕ್ಕಿಕೊಂಡಿತು. ಒಂದರಲ್ಲಂತೂ ಪಿನ್ನು ಎಳೆದರೂ ಬರಲಿಲ್ಲ. ಅವನ ಮುಖ ನೋಡಬೇಕಿತ್ತು.

ಕಾಗದದ ಮಾತು ಉಳಿಯಿತು. ‘ಕಳಪೆ ಕಾಮಗಾರಿ’ ಇರಲಾ? ಅಮ್ಮ ಓದಿ, ರಸ್ತೆಗೆ ಟಾರು ಹಾಕಿಸಿದ ಹಾಗಿದೆ ಅಂದರು.

ಲೇತ್‌ನವ:

ಅಮ್ಮ ಸರಿ ಹೇಳಿದ್ದಾರೆ. ಕಾಮಗಾರಿಯೂ ಬೇಡ, ಕಳಪೆಯೂ ಬೇಡ. ಕಳಪೆ ಅಂದರೆ ಮಾಲು ಕೆಟ್ಟದ್ದು, ಕೈ ಒರಟು ಅಂತ. ನೀವೇ ಹೇಳಿದಿರಿ, ಕನ್ನಡಿಯಂತೆ ಇತ್ತು ಅಂತ. ಕಳಪೆ ಅಂದರೆ ಆ ಮನುಷ್ಯ ಹೊಳಪು ತೋರಿಸಿ ಜಗಳಕ್ಕೆ ಬರುತ್ತಾನೆ. ತಪ್ಪಿದ್ದು ಅಳತೆ. ‘ಅಳತೆ ತಪ್ಪಿದೆ’ ಅನ್ನಿ. ಅದಕ್ಕೆ ಗೇಜ್ ಉತ್ತರ ಕೊಡುತ್ತದೆ, ಬಾಯಲ್ಲ.

ನಾಳೆ ರೈಫಲ್ ನೋಡುವವರಿಂದ ಅಳತೆ ಬರೆಸಿಕೊಳ್ಳಿ, ಯಾವ ಗೇಜ್ ಹಾಕಿದರು ಅಂತಲೂ ಬರೆಸಿ. ಗೋ ಗೇಜ್, ಅಂದರೆ ಕನಿಷ್ಠ ಅಳತೆಯದು, ಹಾಕಿದರೆ ಬೋಲ್ಟ್ ಮುಚ್ಚಬೇಕು. ಅದಕ್ಕಿಂತ ತುಸು ಉದ್ದದ ನೋ ಗೋ ಹಾಕಿದರೆ ಮುಚ್ಚಬಾರದು. ಇಲ್ಲಿ ಮುಚ್ಚಿತು. ಆ ಒಂದು ಸಾಲು ಕಾಗದದಲ್ಲಿ ಇರಲಿ. ಖಾಲಿ ತೋಟಾ ಮೂರನ್ನೂ ಉಜ್ಜದೆ ಇಟ್ಟುಕೊಳ್ಳಿ, ಮೊದಲಿನವರ ಕೈಗೆ ಕೊಡಬೇಡಿ, ಫೋಟೊ ಕೊಡಿ. ಅಳತೆ ಬರೆಸುವವರೆಗೆ ರೈಫಲ್ ಬಿಚ್ಚಲು ಬಿಡಬೇಡಿ. ಬಿಚ್ಚಿದ ಮೇಲೆ ಯಾರ ತಪ್ಪು ಅಂತ ಹೇಳುವುದು ಕಷ್ಟ. ಸರಿ ಮಾಡಲು ದಾರಿ ಇದೆ. ನಳಿಗೆ ಕಳಚಿ, ಹಿಂದಿನ ತುದಿ ಸ್ವಲ್ಪ ಕಡೆದು, ಹಿಂದಕ್ಕೆ ಸರಿಸಿ, ಮನೆಯನ್ನು ಮತ್ತೆ ಅಳತೆಗೆ ಕೊರೆಯಬೇಕು. ನಳಿಗೆ ಎಸೆಯಬೇಕಾಗಿಲ್ಲ.

ಗನ್‌ಸ್ಮಿತ್‌ಗೆ ‘ಕೋವಿ ರಿಪೇರಿಯವರು’ ಅನ್ನಿ. ಕಮ್ಮಾರ ಎಲ್ಲಿಂದ ಬಂದ ಅಂತ ಕಾಗದದಲ್ಲಿ ತೀರ್ಮಾನ ಮಾಡಬೇಕಾಗಿಲ್ಲ.

ಅನುವಾದಕಿ:

ಬರೆದೆ. ಚೀಟಿ ಹೀಗಿದೆ:

‘ಗುಂಡು ಹಾರಿಸಬೇಡಿ. ತೋಟಾ ಮನೆ ಆಳ ಜಾಸ್ತಿ ಆಗಿದೆ (ಹೆಡ್‌ಸ್ಪೇಸ್). ನೋ ಗೋ ಗೇಜ್ ಮೇಲೂ ಬೋಲ್ಟ್ ಮುಚ್ಚುತ್ತಿದೆ. ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ.’

ಕಾಗದದಲ್ಲಿ: ‘ನೀವು ಹಾಕಿದ ನಳಿಗೆಯಲ್ಲಿ ತೋಟಾ ಮನೆಯ ಅಳತೆ ತಪ್ಪಿದೆ. ಬೇರೆಯವರು ಅಳೆದು ಬರೆದುಕೊಟ್ಟದ್ದನ್ನು ಜೊತೆಗೆ ಇಡುತ್ತೇವೆ. ನಿಮ್ಮ ಖರ್ಚಿನಲ್ಲಿ ಸರಿ ಮಾಡಿಸಿಕೊಡಿ, ಇಲ್ಲವೇ ಕೊಟ್ಟ ಹಣ ವಾಪಸ್ ಕೊಡಿ.’

ದಪ್ಪ ರಟ್ಟಿಗೆ ಅಂಟಿಸಿ, ಟ್ರಿಗರ್ ಸುತ್ತ ಇರುವ ಕಬ್ಬಿಣದ ಬಳೆಗೆ ದಾರ ಪೋಣಿಸಿ ಕಟ್ಟಿಯೂ ಆಯಿತು. ಬೋಲ್ಟ್ ಕಳಚಿ ಬೇರೆ ಚೀಲಕ್ಕೆ ಹಾಕಿದ್ದಾನೆ.

ನುಡಿಕಾವಲು:

‘ಜಾಸ್ತಿ’ ಅಲ್ಲ. ಹೆಚ್ಚು.

ಅನುವಾದಕಿ:

ಗಂಟು ಹಾಕಿ ಆಗಿದೆ ಸಾರ್.