ಅಮ್ಮ ಮೊಟ್ಟೆ ತಿನ್ನಲ್ಲ, ಪ್ಯಾರಿಸ್ ಬೇಕರಿಯಲ್ಲಿ ಏನು ತಿನ್ನಿಸಲಿ?

ಪ್ರಶ್ನೆ: ಅಮ್ಮನನ್ನು ಕರೆದುಕೊಂಡು ಪ್ಯಾರಿಸ್‌ಗೆ ಹೋಗುತ್ತಿದ್ದೇನೆ. ಅಲ್ಲಿನ ಬೇಕರಿ ತಿಂಡಿಗಳ ರುಚಿ ನೋಡಬೇಕು ಅಂತ ಇಬ್ಬರಿಗೂ ಆಸೆ. ನಾನು ಮೊಟ್ಟೆ ತಿನ್ನುತ್ತೇನೆ, ಅಮ್ಮ ತಿನ್ನಲ್ಲ. ಎಂಥ ಅಂಗಡಿಗೆ ಹೋಗಬೇಕು, ಏನು ತಗೋಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ: ನಾನು ಇಲ್ಲೇ ಇರುವುದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಹೆಸರುವಾಸಿ ಅಂಗಡಿಗಳ ಮುಂದೆ ಸಾಲು ನಿಂತು ಬೆಳಗಿನ ಹೊತ್ತು ಕಳೆಯಬೇಡಿ. ನೀವು ಇಳಿದುಕೊಂಡ ಬೀದಿಯಲ್ಲೇ ‘ಬುಲಾಂಜರಿ’ (ಬ್ರೆಡ್ ಅಂಗಡಿ) ಅಂತ ಬೋರ್ಡ್ ಇರುವ ಅಂಗಡಿ ಹುಡುಕಿ. ಹಿಟ್ಟು ನಾದುವುದರಿಂದ ಬೇಯಿಸುವವರೆಗೆ ಬ್ರೆಡ್ಡನ್ನು ಅಲ್ಲೇ ಮಾಡುವವರು ಮಾತ್ರ ಆ ಹೆಸರು ಹಾಕಬಹುದು ಅಂತ 1998ರಲ್ಲಿ ಕಾನೂನು ಬಂದಿದೆ. ಆದರೆ ಈ ನಿಯಮ ಬ್ರೆಡ್ಡಿಗೆ ಮಾತ್ರ. ಪದರ ಪದರವಾಗಿರುವ ಬೆಣ್ಣೆ ತಿಂಡಿ ಕ್ರೊಸಾಂಟ್ ಫ್ಯಾಕ್ಟರಿಯಿಂದ ಫ್ರೋಜನ್ ಆಗಿ ಬಂದಿರಬಹುದು. ಅಲ್ಲೇ ಮಾಡಿದ್ದಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಮೊದಲು ಕ್ರೊಸಾಂಟ್ ತಿನ್ನಿ. ‘ಒ ಬರ್’ ಅಂತ ಚೀಟಿ ಇದ್ದರೆ ಅದು ಬೆಣ್ಣೆಯದು. ‘ಆರ್ಡಿನೇರ್’ ಅಂತ ಇದ್ದರೆ ಸಾಮಾನ್ಯವಾಗಿ ಮಾರ್ಗರಿನ್, ಅದು ಬೇಡ. ಯೀಸ್ಟ್ ಹಾಕಿದ ಹಿಟ್ಟಿನೊಳಗೆ ಬೆಣ್ಣೆಯ ಹಾಳೆ ಇಟ್ಟು, ಮಡಚಿ ಲಟ್ಟಿಸಿ, ತಣ್ಣಗಿಟ್ಟು, ಮತ್ತೆ ಮಡಚುತ್ತಾರೆ. ಒಲೆಯ ಬಿಸಿಗೆ ಬೆಣ್ಣೆಯಲ್ಲಿರುವ ನೀರು ಆವಿಯಾಗಿ ಪದರಗಳು ಎದ್ದು ನಿಲ್ಲುತ್ತವೆ. ಅದಕ್ಕೇ ಒಳ್ಳೆಯ ಕ್ರೊಸಾಂಟ್ ನೋಡೋಕೆ ದೊಡ್ಡದು, ಕೈಗೆ ಹಗುರ. ನಮ್ಮ ಅಯ್ಯಂಗಾರ್ ಬೇಕರಿ ಪಫ್ಸ್ ಹಾಗೆ ಪೂರ್ತಿ ಗರಿಗರಿ ಇರಲ್ಲ. ಮೇಲೆ ಮಾತ್ರ ಗರಿಗರಿ, ಒಳಗೆ ಮೆತ್ತಗೆ, ಎಳೆದರೆ ಎಳೆ ಎಳೆಯಾಗಿ ಬರುತ್ತದೆ. ಜ್ಯಾಮ್ ಹಚ್ಚಬೇಡಿ, ಬೆಣ್ಣೆಯ ಘಮ ಮುಚ್ಚಿಹೋಗುತ್ತದೆ. ಬೆಳಿಗ್ಗೆ ಎಂಟರೊಳಗೆ ಹೋಗಿ. ಸಂಜೆಯ ಹೊತ್ತಿಗೆ ಅದು ಬೇರೆಯೇ ತಿಂಡಿ.

ಇನ್ನು ಅಮ್ಮನ ವಿಷಯ. ಕ್ರೊಸಾಂಟ್ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕಲ್ಲ, ಆದರೆ ಹೊಳಪು ಬರಲಿ ಅಂತ ಮೇಲೆ ಮೊಟ್ಟೆ ಸವರುತ್ತಾರೆ. ಬ್ರಿಯೋಶ್ ಅನ್ನುವ ಮೆತ್ತನೆಯ ಬ್ರೆಡ್ಡಿನಲ್ಲಂತೂ ಮೊಟ್ಟೆ ಜಾಸ್ತಿ. ಅಮ್ಮನಿಗೆ ‘ಬಗೆತ್ ತ್ರಾದಿಸಿಯೋಂ’ ಕೊಡಿಸಿ. 1993ರ ನಿಯಮದಂತೆ ಮಾಡುವ ಉದ್ದನೆಯ ಬ್ರೆಡ್ ಅದು. ಮುಖ್ಯವಾಗಿ ಗೋಧಿ ಹಿಟ್ಟು, ನೀರು, ಉಪ್ಪು, ಯೀಸ್ಟ್. ಬೇರೆ ಕೆಮಿಕಲ್ ಸೇರಿಸುವ ಹಾಗಿಲ್ಲ, ಫ್ರೀಜ್ ಮಾಡುವ ಹಾಗೂ ಇಲ್ಲ. ಪಕ್ಕದ ಸೂಪರ್ ಮಾರ್ಕೆಟ್ಟಿನಲ್ಲಿ ಉಪ್ಪು ಬೆಣ್ಣೆ ತಗೊಂಡು, ಬಿಸಿ ಬಗೆತ್ ಮುರಿದು ಹಚ್ಚಿ ಕೊಡಿ. ಅಮ್ಮನಿಗೆ ಬೇರೇನೂ ಸಿಗಲಿಲ್ಲ ಅಂತ ಕೊಡುವ ತಿಂಡಿ ಅಲ್ಲ ಇದು. ಈ ಊರಿನ ಅತ್ಯುತ್ತಮ ರುಚಿಗಳಲ್ಲಿ ಒಂದು.

ಇನ್ನೊಬ್ಬರು: ಮೇಲೆ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಬಹಳ ಮುಖ್ಯ. ಯುರೋಪಿನಲ್ಲಿ ಅಲರ್ಜಿ ತರುವ 14 ಪದಾರ್ಥಗಳ ಪಟ್ಟಿ ಇದೆ, ಅದರಲ್ಲಿ ಮೊಟ್ಟೆಯೂ ಇದೆ. ಹಾಗಾಗಿ ಯಾವುದರಲ್ಲಿ ಮೊಟ್ಟೆ ಇದೆ ಅನ್ನುವ ಮಾಹಿತಿ ಅಂಗಡಿಯಲ್ಲಿ ಬರಹದಲ್ಲಿ ಇರಲೇಬೇಕು. ಆದರೆ ಜೆಲಟಿನ್ ಆ 14 ಪದಾರ್ಥಗಳ ಪಟ್ಟಿಯಲ್ಲಿಲ್ಲ! ಅದು ಪ್ರಾಣಿಯ ಚರ್ಮ, ಮೂಳೆಯಿಂದ ಮಾಡುವುದು, ಮೂಸ್ (ನೊರೆಯಂಥ ಕ್ರೀಮ್) ಇರುವ ಕೇಕ್‌ಗಳಲ್ಲಿ ಸಾಮಾನ್ಯ. ಅದನ್ನು ಬೇರೆಯಾಗಿಯೇ ಕೇಳಬೇಕು. ‘ಮೊಟ್ಟೆ, ಮಾಂಸ, ಜೆಲಟಿನ್ ಬೇಡ’ ಅಂತ ಫ್ರೆಂಚಿನಲ್ಲಿ ಬರೆಸಿಟ್ಟುಕೊಂಡು ತೋರಿಸಿ. ಬಾಬಾ, ಕಾನೆಲೆ ಅನ್ನುವ ಸಣ್ಣ ಕೇಕ್ ಎರಡರಲ್ಲೂ ಮೊಟ್ಟೆಯೂ ರಮ್ಮೂ ಇರುತ್ತವೆ.

ಅಮ್ಮನಿಗೂ ಕ್ರೀಮ್ ತುಂಬಿದ ಸಿಹಿ ಬೇಕು ಅಂದರೆ ‘ಲ್ಯಾಂಡ್ ಅಂಡ್ ಮಂಕೀಸ್’ಗೆ ಕರೆದುಕೊಂಡು ಹೋಗಿ. ಪೂರ್ತಿ ವೀಗನ್ (ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಬಳಸದ) ಬೇಕರಿ, ಪ್ಯಾರಿಸ್‌ನಲ್ಲಿ ಹಲವು ಶಾಖೆಗಳಿವೆ. ಪ್ರತಿಯೊಂದಕ್ಕೂ ವಿಚಾರಿಸುವ ಕಷ್ಟ ಇಲ್ಲ.

ಮತ್ತೊಬ್ಬರು: ಮೊಟ್ಟೆ ತಿನ್ನುವ ನೀವು ಪ್ಯಾರಿ-ಬ್ರೆಸ್ಟ್ ಬಿಡಬೇಡಿ. ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಬರುವ ಸೈಕಲ್ ರೇಸ್ ನೆನಪಿಗೆ 1910ರಲ್ಲಿ ಶುರುವಾದ ಸಿಹಿ, ಅದಕ್ಕೇ ಚಕ್ರದ ಆಕಾರ. ಒಳಗೆ ಹೇಜಲ್‌ನಟ್, ಬಾದಾಮಿಯ ಪ್ರಾಲಿನ್ (ಸಕ್ಕರೆ ಪಾಕದಲ್ಲಿ ಹುರಿದು ಅರೆದದ್ದು) ಕ್ರೀಮ್. ನನಗಂತೂ ಮ್ಯಾಕರಾನ್ ಅನ್ನುವ ಬಾದಾಮಿ ಬಿಸ್ಕತ್ತಿಗಿಂತ ಇದೇ ಇಷ್ಟ. ಒಂದು ಸಲಕ್ಕೆ ಒಂದೇ ಸಿಹಿ ತಗೊಳ್ಳಿ, ಬೆಣ್ಣೆ ಜಾಸ್ತಿಯಾದರೆ ನಾಲಿಗೆಗೆ ಏನೂ ತಿಳಿಯಲ್ಲ.

ಒಳಗೆ ಹೋದ ಕೂಡಲೇ ‘ಬೋಂಜೂರ್’ (ನಮಸ್ಕಾರ) ಅನ್ನಿ, ಆಮೇಲೆ ಕೇಳಿ. ನೇರವಾಗಿ ಬೆರಳು ತೋರಿಸಿದರೆ ಒರಟು ಅಂದುಕೊಳ್ಳುತ್ತಾರೆ. ವಾರಕ್ಕೆ ಒಂದೆರಡು ದಿನ ರಜೆ ಇರುವ ಅಂಗಡಿಗಳೇ ಜಾಸ್ತಿ, ಆಗಸ್ಟ್‌ನಲ್ಲಿ ಎಷ್ಟೋ ಅಂಗಡಿ ವಾರಗಟ್ಟಲೆ ಮುಚ್ಚಿರುತ್ತವೆ. ಹಿಂದಿನ ದಿನವೇ ಬಾಗಿಲಿನ ಮೇಲಿನ ಚೀಟಿ ನೋಡಿಟ್ಟುಕೊಳ್ಳಿ.