ಡಿಕ್ಕಿಯೇ ಆಗದ ಕಡೆ ಕೊಡಗಿನ ಬೆಟ್ಟಗಳು ಎದ್ದದ್ದು ಹೇಗೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ವಿರಾಜಪೇಟೆ

ಭಾರತದ ಭೂಫಲಕವು ಯುರೇಷಿಯಾ ಫಲಕಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಎದ್ದಿತೆಂದು ಪಾಠ ಮಾಡಿದ ಕೂಡಲೇ ಮಕ್ಕಳು ಕೇಳುವುದು ಒಂದೇ: ಹಾಗಾದರೆ ನಮ್ಮ ತಡಿಯಂಡಮೋಳ್, ಪುಷ್ಪಗಿರಿ ಬೆಟ್ಟಗಳು ಯಾವ ಡಿಕ್ಕಿಯಿಂದ ಎದ್ದವು? ಕೊಡಗಿನ ಸಮೀಪದಲ್ಲಿ ಯಾವ ಫಲಕದ ಅಂಚೂ ಇಲ್ಲ. ಅರಬ್ಬೀ ಸಮುದ್ರವು ತಲಕಾವೇರಿಯಿಂದ ನೇರ ಗೆರೆಯಲ್ಲಿ 60 ಕಿಲೋಮೀಟರಿಗಿಂತ ಹತ್ತಿರವಿದ್ದರೂ ಕಾವೇರಿಯು ಅದಕ್ಕೆ ಬೆನ್ನು ಹಾಕಿ, ಸುಮಾರು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಇದಕ್ಕೂ ಫಲಕಗಳ ಚಲನೆಗೂ ಸಂಬಂಧವಿದೆಯೇ? ತಿಳಿದವರು ವಿವರಿಸಬೇಕೆಂದು ವಿನಂತಿ.

ಉತ್ತರ: ನಿವೃತ್ತ ಭೂವಿಜ್ಞಾನ ಉಪನ್ಯಾಸಕ, ಮಡಿಕೇರಿ

ಸಂಬಂಧವಿದೆ ಮೇಡಂ, ಆದರೆ ಅದು ಕೂಡುವಿಕೆಯದಲ್ಲ, ಬೇರ್ಪಡುವಿಕೆಯದು. ಪಠ್ಯಪುಸ್ತಕಗಳು ಡಿಕ್ಕಿಗೆ ಕೊಡುವಷ್ಟು ಜಾಗವನ್ನು ಒಡೆತಕ್ಕೆ ಕೊಡುವುದಿಲ್ಲವಾದ್ದರಿಂದ ಮಕ್ಕಳಿಗೆ ಈ ಗೊಂದಲ ಸಹಜ. ದಕ್ಷಿಣದ ಮಹಾಭೂಖಂಡವಾಗಿದ್ದ ಗೊಂಡ್ವಾನಾ ಚೂರಾಗುತ್ತ ಬಂದ ಕಾಲದಲ್ಲಿ, ಇಂದಿಗೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಪಶ್ಚಿಮದ ಅಂಚಿನಿಂದ ಕಳಚಿಕೊಂಡಿತು. ಅನಂತರ ಸೆಶೆಲ್ಸ್ ದ್ವೀಪಗಳ ನೆಲವೂ ದೂರ ಸರಿಯಿತು. ನೆಲ ಹಿಗ್ಗಿ ಬಿರಿಯುವಾಗ ಅದರ ಅಂಚು ಮೇಲೆದ್ದು, ಸಮುದ್ರದ ಕಡೆಗೆ ಕಡಿದಾಗಿಯೂ ಒಳನಾಡಿನ ಕಡೆಗೆ ಇಳಿಜಾರಾಗಿಯೂ ಉಳಿಯಿತು. ಆ ಅಂಚನ್ನು ಮಳೆ ಮತ್ತು ಹೊಳೆಗಳು ಕೊರೆದು ಕೊರೆದು ಪೂರ್ವಕ್ಕೆ ಸರಿಸಿದ್ದರಿಂದಲೇ ಇಂದಿನ ಘಟ್ಟಸಾಲು ಕರಾವಳಿಯಿಂದ ದೂರ ನಿಂತಿದೆ ಎಂಬುದು ಬಹಳ ಮಂದಿ ಒಪ್ಪುವ ವಿವರಣೆ.

ಇಷ್ಟು ಸವೆದ ಮೇಲೂ ಘಟ್ಟ ಎತ್ತರವಾಗಿಯೇ ಇರುವುದೇಕೆ ಎಂಬುದರಲ್ಲಿ ಪೂರ್ಣ ಒಮ್ಮತವಿಲ್ಲ. ಹೊರೆ ಇಳಿದ ತೆಪ್ಪ ನೀರಿನಿಂದ ತುಸು ಮೇಲೇಳುವಂತೆ, ಕಲ್ಲು ಮಣ್ಣು ಕೊಚ್ಚಿಹೋದಷ್ಟೂ ಹಗುರಾದ ಅಂಚು ಮೇಲೇರುತ್ತದೆ ಎಂಬ ವಾದ ನನಗೆ ಸಮಂಜಸವೆನಿಸುತ್ತದೆ.

ಕಾವೇರಿಯ ದಿಕ್ಕು ಇದರಿಂದಲೇ ತಿಳಿಯುತ್ತದೆ. ನೀರು ಬೀಳುವ ಜಾಗವು ಎತ್ತಿದ ಅಂಚಿನ ಪೂರ್ವ ಮಗ್ಗುಲಲ್ಲಿದ್ದರೆ ಅದು ಪ್ರಸ್ಥಭೂಮಿಯ ಇಳಿಜಾರನ್ನೇ ಹಿಡಿಯಬೇಕು. ಪಶ್ಚಿಮದ ಮಗ್ಗುಲಲ್ಲಿದ್ದರೆ ಪಯಸ್ವಿನಿ, ಬರಪೊಳೆಗಳಂತೆ ಧುಮುಕುತ್ತ ಅರಬ್ಬೀ ಸಮುದ್ರದ ದಾರಿ ಹಿಡಿಯುತ್ತದೆ.

ಪ್ರತಿಕ್ರಿಯೆ: ಕಾಫಿ ಬೆಳೆಗಾರ, ಸೋಮವಾರಪೇಟೆ

ಸರ್, ಸಹ್ಯಾದ್ರಿ ಲಾವಾರಸದಿಂದ ಆದದ್ದೆಂದು ಓದಿದ್ದೆ. ಅದು ತಪ್ಪೇ? ಇನ್ನೊಂದು ಸಂಶಯ: 2022ರಲ್ಲಿ ಕರಿಕೆ, ಚೆಂಬು, ಸಂಪಾಜೆ ಭಾಗಗಳಲ್ಲಿ ನೆಲ ಕಂಪಿಸಿತ್ತು. ಫಲಕದ ಅಂಚೇ ಇಲ್ಲದಿದ್ದರೆ ಅದು ಎಲ್ಲಿಂದ ಬಂತು?

ಉತ್ತರ: ನಿವೃತ್ತ ಭೂವಿಜ್ಞಾನ ಉಪನ್ಯಾಸಕ, ಮಡಿಕೇರಿ

ತಪ್ಪಲ್ಲ, ಆದರೆ ಅದು ಮಹಾರಾಷ್ಟ್ರದ ಸಹ್ಯಾದ್ರಿಗೆ ಹೊಂದುವ ಮಾತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ದಖ್ಖನ್ ಲಾವಾದ ಪದರಗಳು ಕೊಡಗಿನವರೆಗೆ ಬಂದಿಲ್ಲ. ನಮ್ಮ ಕಾಲಡಿಯ ನೈಸ್ ಮತ್ತು ಚಾರ್ನೊಕೈಟ್ ಶಿಲೆಗಳಲ್ಲಿ ಹಲವಕ್ಕೆ 300 ಕೋಟಿ ವರ್ಷಕ್ಕೂ ಹೆಚ್ಚಿನ ವಯಸ್ಸಿದೆ. ಬೆಟ್ಟದ ಆಕಾರ ಹೊಸದು, ಕಲ್ಲು ಬಹಳ ಹಳೆಯದು. ಈ ಎರಡನ್ನು ಬೇರೆಬೇರೆಯಾಗಿ ಹೇಳಿದರೆ ಮಕ್ಕಳಿಗೆ ಅರ್ಧ ತೊಡಕು ಬಿಡುತ್ತದೆ.

ಕಂಪನದ ವಿಷಯ: ಭಾರತದ ಫಲಕವು ಇಂದಿಗೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯದತ್ತ ಸಾಗುತ್ತ ಹಿಮಾಲಯವನ್ನು ಒತ್ತುತ್ತಿದೆ. ಆ ಒತ್ತಡ ಇಡೀ ಫಲಕದಲ್ಲಿ ಹರಡಿರುವುದರಿಂದ ಒಳನಾಡಿನ ಹಳೆಯ ಬಿರುಕುಗಳು ಆಗಾಗ ತುಸು ಜರುಗುತ್ತವೆ. 2022ರವು 4ಕ್ಕಿಂತ ಕಡಿಮೆ ತೀವ್ರತೆಯ ಕಂಪನಗಳು. 2018ರ ಭೂಕುಸಿತಗಳನ್ನು ಮಾತ್ರ ಫಲಕಗಳ ತಲೆಗೆ ಕಟ್ಟಬಾರದು. ಅಲ್ಲಿ ಮುಖ್ಯ ಕಾರಣ ಅತಿಯಾದ ಮಳೆ, ಜೊತೆಗೆ ರಸ್ತೆಗೂ ಮನೆಗೂ ನಾವು ಕಡಿದ ಇಳಿಜಾರು.

ಪ್ರತಿಕ್ರಿಯೆ: ಪ್ರೌಢಶಾಲಾ ಶಿಕ್ಷಕಿ, ವಿರಾಜಪೇಟೆ

ಧನ್ಯವಾದಗಳು ಸರ್. ಒಡೆತದ ಗುರುತನ್ನು ಮಕ್ಕಳಿಗೆ ಕಣ್ಣಾರೆ ತೋರಿಸುವ ಜಾಗ ಹತ್ತಿರದಲ್ಲಿ ಇದೆಯೇ?

ಉತ್ತರ: ನಿವೃತ್ತ ಭೂವಿಜ್ಞಾನ ಉಪನ್ಯಾಸಕ, ಮಡಿಕೇರಿ

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದೊಯ್ಯಿರಿ. ಮಡಗಾಸ್ಕರ್ ಬೇರ್ಪಟ್ಟ ಕಾಲದಲ್ಲೇ ಉಕ್ಕಿದ ಶಿಲಾರಸ ತಣಿಯುತ್ತ ಕುಗ್ಗಿ, ಸೀಳಿ ನಿಂತ ಬಹುಮುಖದ ಕಲ್ಲುಕಂಬಗಳು ಅಲ್ಲಿವೆ. ಮಳೆಗಾಲದಲ್ಲಿ ದೋಣಿ ಹೋಗದು, ಆದ್ದರಿಂದ ಡಿಸೆಂಬರ್ ಅಥವಾ ಜನವರಿಯ ಪ್ರವಾಸಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಸಂಪಾಜೆ ಘಾಟಿ ಇಳಿಯುವಾಗ ಬಸ್ಸಿನ ಕಿಟಕಿಯಿಂದ ಆ ಕಡಿದಾದ ಅಂಚನ್ನೂ ಗಮನಿಸುವಂತೆ ಹೇಳಿ.